ನಿನ್ನವನಾನೆ ಕಾದಿರುವೆ

ಈ ಕಥೆ ನನಗೆ ಎರಡು ಬಾಯಿಗಳಿಂದ ದೊರೆಯಿತು. ಮೊದಲು ಹೇಳಿದವರು ಆ ಬೀದಿಯ ಕ್ಷೌರಿಕರು; ಅವರ ಕತ್ತಿ ನನ್ನ ಗಂಟಲಿನ ಮೇಲಿದ್ದುದರಿಂದ ನಡುವೆ ಪ್ರಶ್ನೆ ಕೇಳುವಂತಿರಲಿಲ್ಲ. ಆಮೇಲೆ ಹೇಳಿದವರು ಎದುರಂಗಡಿಯ ದರ್ಜಿಯಮ್ಮ. ಅವರ ತುಟಿಗಳ ನಡುವೆ ಗುಂಡುಸೂಜಿಗಳಿದ್ದುದರಿಂದ ಕೆಲವು ಮಾತುಗಳು ಹೊರಗೆ ಬರಲಿಲ್ಲ. ಎರಡು ಪಾಠಗಳನ್ನೂ ಹೋಲಿಸಿ, ಕತ್ತಿಗೂ ಸೂಜಿಗೂ ಅನ್ಯಾಯವಾಗದಂತೆ, ಮುಂದಿನದನ್ನು ಒಪ್ಪಿಸಿದ್ದೇನೆ.

ಆ ಬೀದಿಯಲ್ಲಿ ಮೀಟರ್ ಮಾವ ಎಂದು ಹೆಸರಾದವರೊಬ್ಬರಿದ್ದರು. ನೀರು ಸರಬರಾಜು ಕಚೇರಿಯ ಪರವಾಗಿ ಮನೆಮನೆಯ ನೀರಿನ ಮೀಟರ್ ಓದುವುದು ಅವರ ಉದ್ಯೋಗ. ಆದರೆ ಹೊಸಬರು ಯಾರಾದರೂ ಏನು ಕೆಲಸ ಎಂದು ವಿಚಾರಿಸಿದರೆ, ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಮೂಗಿಗೇರಿಸಿ, "ಓದೋದು" ಎಂದಷ್ಟೇ ಹೇಳುತ್ತಿದ್ದರು. ಅದು ಸುಳ್ಳಲ್ಲ, ಆ ಒಂದು ಶಬ್ದಕ್ಕೆ ಮುಂದೆ ಇನ್ನೊಂದು ಶಬ್ದ ಸೇರಿಸುವ ಅಗತ್ಯ ಅವರಿಗೆ ಕಂಡಿರಲಿಲ್ಲ, ಅಷ್ಟೆ. ಈ ಮಿತಭಾಷೆಯ ಫಲವಾಗಿ ಬೀದಿಯಲ್ಲಿ ಅವರಿಗೆ ವಿದ್ವಾಂಸರ ಮನ್ನಣೆ ದೊರೆತಿತ್ತು. ಔಷಧದ ಚೀಟಿಯಿಂದ ಹಿಡಿದು ಕನಸಿನ ತನಕ ಯಾವುದರ ಅರ್ಥ ಬೇಕಾದರೂ ಜನ ಅವರ ಬಳಿಗೇ ಹೋಗುತ್ತಿದ್ದರು. 'ಗೊತ್ತಿಲ್ಲ' ಎಂಬ ಮಾತನ್ನು ಅವರು ಎಂದಾದರೂ ಆಡಿದ್ದುದಕ್ಕೆ ಎರಡು ಪಾಠಗಳಲ್ಲೂ ಆಧಾರವಿಲ್ಲ.

ಮೀಟರ್ ಓದುವವರ ವಿದ್ಯೆಯಲ್ಲಿ ಮುಖ್ಯವಾದದ್ದು ಎಲ್ಲಿ ನಿಲ್ಲಿಸಬೇಕೆಂಬುದು. ಮೀಟರಿನಲ್ಲಿ ಕಪ್ಪಂಕಿಗಳಿರುತ್ತವೆ, ಅವುಗಳ ಬಲಕ್ಕೆ ಕೆಂಪಂಕಿಗಳಿರುತ್ತವೆ. ಕಪ್ಪಂಕಿ ಮುಗಿದಲ್ಲಿ ಓದುವುದನ್ನು ಬಿಡಬೇಕು. ಬಿಡದೆ ಕೆಂಪಂಕಿಯನ್ನೂ ಸೇರಿಸಿ ಓದಿದರೆ, ಒಂಟಿ ಮುದುಕಿಯೊಬ್ಬಳು ಒಂದು ತಿಂಗಳಲ್ಲಿ ಕೆರೆ ಕುಡಿದಂತಾಗುತ್ತದೆ. ಮಾವನ ಕೈಯಲ್ಲಿ ಬೀದಿಯ ಕೆಲವು ಮುದುಕಿಯರು ಆಗಾಗ ಕೆರೆ ಕುಡಿಯುತ್ತಿದ್ದರೆಂದು ದರ್ಜಿಯಮ್ಮ ಹೇಳುತ್ತಾರೆ. ಕ್ಷೌರಿಕರು ಈ ವಿಷಯದಲ್ಲಿ ಮೌನ.

ಮಾವನ ಅಕ್ಕನನ್ನು ಕೊಟ್ಟಿದ್ದು ಬೀಗ ರಿಪೇರಿಯವರಿಗೆ. ಕೆಳಗೆ ಅವರ ಅಂಗಡಿ, ಮೇಲೆ ಮನೆ. ಮೇಲೆ ಹೋಗಲು ಹೊರಗಿನಿಂದ ಏಣಿಗಿಂತ ತುಸುವೇ ಸಭ್ಯವಾದ ಮೆಟ್ಟಿಲುಸಾಲು. ಮನೆಯಲ್ಲಿ ಗಂಡ, ಹೆಂಡತಿ, ಗಂಡನ ತಾಯಿ, ಮತ್ತು ಒಬ್ಬಳೇ ಮಗಳು. ಮಗಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಎಷ್ಟು ಸಣ್ಣ ಮೈಯವಳೆಂದರೆ, ಗಿರಾಕಿಗಳು ಅಂಗಡಿಯಲ್ಲಿ ಯಾರೂ ಇಲ್ಲವೆಂದು ತಿಳಿದು ಹಿಂದಿರುಗುತ್ತಿದ್ದರಂತೆ. ಅವಳು ಮೆಚ್ಚಿದ್ದು ಬೇಕರಿಯವರ ಮಗನನ್ನು. ಹುಡುಗನ ಗುಣ ಬಂಗಾರ, ಕೈ ಹದವಾದದ್ದು; ಮೈ ಮಾತ್ರ ಹಿಟ್ಟಿನಂತೆ ಹದ ಮೀರಿ ಉಬ್ಬಿತ್ತು. ಅವನ ಕಣ್ಣಿಗೆ ಯಾವ ದೋಷವೂ ಇರಲಿಲ್ಲ. ಆದರೂ ಕಣ್ಣು ತೋರಿಸಲು ಮೇಲಿಂದ ಮೇಲೆ ಹೋಗಿ, ಗೋಡೆಯ ಅಕ್ಷರಫಲಕವನ್ನು ಬಾಯಿಪಾಠ ಮಾಡಿ, ಕಡೆಗೆ ಅವಳನ್ನು ಬಿಟ್ಟು ಬೇರೇನೂ ಕಾಣುವುದಿಲ್ಲವೆಂದು ಒಪ್ಪಿಕೊಂಡಿದ್ದ. ಹಿರಿಯರೂ ಒಪ್ಪಿದರು. ಮುಂದಿನ ಭಾನುವಾರ ಮದುವೆಯ ದಿನ ಗೊತ್ತು ಮಾಡುವುದೊಂದೇ ಬಾಕಿ. ಬೀಗದವರು ಬೀಗರಾಗಲು ಎರಡಕ್ಷರವಷ್ಟೇ ಕಳೆಯಬೇಕಿತ್ತು.

ಅದಕ್ಕೆ ಮೊದಲು ಒಂದು ಸಂಜೆ ಬೇಕರಿಯವರು ಈ ಮನೆಗೆ ಚಹಾಕ್ಕೆ ಬಂದರು; ಮೀಟರ್ ಮಾವನೂ ಇದ್ದರು. ಮಾತುಕತೆ ಸುಗಮವಾಗಿ ನಡೆಯಿತು. ಬೇಕರಿ ಯಜಮಾನರು ಬಾಗಿಲ ಬೀಗವನ್ನು ಹೊಗಳಿದರು. ಬೀಗದವರು ಬನ್ನನ್ನು ಹೊಗಳಿದರು. ಎಲ್ಲರೂ ಏಳುವ ಹೊತ್ತಿಗೆ ಅಜ್ಜಿ, ಹುಡುಗ ಹಾಡುತ್ತಾನಂತಲ್ಲ, ಒಂದು ಹಾಡಲಿ ಎಂದರು. ಹುಡುಗ ಕೆಳಗೆ ಬಿಟ್ಟುಬಂದಿದ್ದ ಬಿಸ್ಕತ್ತಿನ ಡಬ್ಬಿ ತರಲು ಹೋಗಿ ಆಗತಾನೆ ಎರಡನೆಯ ಸಲ ಮೆಟ್ಟಿಲು ಹತ್ತಿದ್ದ. ಉಸಿರು ಇನ್ನೂ ಮೇಲೆ ಬಂದಿರಲಿಲ್ಲ. ಆದರೂ ಹಿರಿಯರ ಮಾತು. ಹಿಟ್ಟು ನಾದುವಾಗ ತಾಯಿ ಹೇಳಿಕೊಟ್ಟಿದ್ದ ಹಳೆಯ ಹಾಡೊಂದನ್ನು ಎತ್ತಿಕೊಂಡ:

ಬಾಗಿಲ ಬಳಿ ನಿನ್ನವನಾನೆ ಕಾದಿರುವೆ,
ಬಿಸಿಲಿನಲಿ ಬೆಂದಿರುವೆ, ನಿನಗಾಗಿ ಬಂದಿರುವೆ.

'ನಿನ್ನವ' ಎಂಬಲ್ಲಿ ನಿಂತು ಉಸಿರು ತೆಗೆದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೆಟ್ಟಿಲುಗಳ ದೆಸೆಯಿಂದ ಉಸಿರು ತನ್ನಿಷ್ಟ ಬಂದಲ್ಲಿ ಮುಗಿಯಿತು. 'ನಿನ್ನವನಾ' ತನಕ ಎಳೆದು, ಅಲ್ಲಿ ಬರಿದಾಗಿ, ಗಾಳಿ ಎಳೆದುಕೊಂಡು, ಮೇಲಿನ ಸ್ವರದಲ್ಲಿ 'ಆನೆ' ಎಂದು ಏರಿತು. ಹಾಡು ಮುಗಿದೊಡನೆ ಭಟ್ಟಿಯಲ್ಲಿಟ್ಟ ಬ್ರೆಡ್ಡಿನ ನೆನಪಾಗಿ ಬೇಕರಿಯವರೆಲ್ಲ ದಡದಡನೆ ಇಳಿದುಹೋದರು.

ಕೋಣೆ ನಿಶ್ಶಬ್ದವಾದ ಮೇಲೆ ಅಜ್ಜಿ ಹೇಳಿದರು: "ಹಾಡು ಚೆನ್ನಾಗಿತ್ತು. ಆ ಆನೆ ಯಾರದು?"

ಬೇರೆ ಯಾರನ್ನಾದರೂ ಕೇಳಿದ್ದರೆ, ಆನೆ ಅಲ್ಲ ಅಜ್ಜಿ, ನಾನೆ ಎಂದು ಹೇಳಿ ಲೋಟ ಎತ್ತುತ್ತಿದ್ದರು. ಆದರೆ ಅಜ್ಜಿ ನೋಡಿದ್ದು ಮೀಟರ್ ಮಾವನ ಕಡೆಗೆ. ಎಲ್ಲರಿಗೂ ತಿಳಿಯುವ ಅರ್ಥವನ್ನೇ ಹೇಳುವುದಾದರೆ ವಿದ್ವಾಂಸನೇಕೆ ಬೇಕು? ಮಾವ ಕಣ್ಣು ಮುಚ್ಚಿದರು. ಗುಂಡಿಯೊಳಗಿನ ಮೀಟರ್ ಓದುವ ಮೊದಲು ಅವರು ಹೀಗೆಯೇ ಒಂದು ಕ್ಷಣ ಕಣ್ಣು ಮುಚ್ಚುವುದುಂಟು.

"ನಿನ್ನವನ ಆನೆ" ಎಂದರು. "ಅಂದ್ರೆ ನಿನ್ನ ಗಂಡನ ಆನೆ. ಬಾಗಿಲ ಹತ್ರ ಇದೆ. ಇದು ಗೂಢಾರ್ಥದ ಹಾಡು."

"ಮಾವ, ಅದು ಆನೆ ಅಲ್ಲ" ಎಂದಳು ಮಗಳು. "ಅದು ನಾನೆ."

"ನೀನು ಹ್ಯಾಗಮ್ಮ ಆನೆ? ಕನ್ನಡಿ ನೋಡ್ಕೊ. ಆನೆ ಅವನು. ನೀನು ಇರುವೆ."

"ಯಾವ ಇರುವೆ?"

"ಕಾದಿರುವೆ. ಕಾದ ಇರುವೆ."

ಆನೆ ಬಂದ ದಾರಿಯಲ್ಲಿ ಇರುವೆ ಬರುವುದೇನು ದೊಡ್ಡದು? ಒಂದು ಕಂಡಮೇಲೆ ಉಳಿದವು ಸಾಲುಗಟ್ಟಿ ಹೊರಟವು. ಕಾದಿರುವೆಯ ಹಿಂದೆ ಬೆಂದಿರುವೆ, ಬೆಂದಿರುವೆಯ ಹಿಂದೆ ಬಂದಿರುವೆ. ತಮ್ಮ ಪ್ರತಿಭೆಗೆ ಮಾವ ತಾವೇ ಬೆರಗಾದರು. ಇಷ್ಟು ದೊಡ್ಡ ಪ್ರಾಣಿಯನ್ನೂ ಇಷ್ಟು ಚಿಕ್ಕ ಪ್ರಾಣಿಗಳನ್ನೂ ಒಂದೇ ಪದ್ಯದಲ್ಲಿ ಕಟ್ಟಿಹಾಕಿದ ಕವಿಯನ್ನು ಹೊಗಳಿ, ಅದನ್ನು ಬಿಚ್ಚಿದವರನ್ನು ಹೊಗಳುವ ಹೊಣೆಯನ್ನು ಸಭೆಗೆ ಬಿಟ್ಟರು.

ಬೀಗದವರು ಅಷ್ಟು ಹೊತ್ತೂ ಒಂದು ಕೀಲಿಯ ಹಲ್ಲಿಗೆ ಅರ ಹಾಕುತ್ತ ಕೂತಿದ್ದರು. ಅರದ ಸದ್ದು ನಿಂತಿತು.

"ಬೆಂದಿರುವೆ ಅಂದ್ರೆ?"

"ಬೆಂದ ಇರುವೆ, ಭಾವ."

"ಎಲ್ಲಿ ಬೆಂದದ್ದು?"

"ಹಾಡಲ್ಲಿ ಬಿಸಿಲು ಅಂತಿದೆ. ಆದ್ರೆ ಹಾಡಿದೋನು ಬೇಕರಿಯೋನು ನೋಡಿ. ಭಟ್ಟಿ ಅಂತ ಇಟ್ಕೊಳ್ಳೋದೇ ಸರಿ."

ಬೀಗದವರು ಕೀಲಿಯನ್ನು ಕೆಳಗಿಟ್ಟರು. ನನ್ನ ಮನೆಯಲ್ಲಿ ಕೂತು, ನನ್ನ ಚಹಾ ಕುಡಿದು, ನನ್ನ ಮಗಳನ್ನು ಇರುವೆ ಎಂದು ಕರೆದದ್ದಲ್ಲದೆ, ಕರೆದುಕೊಂಡು ಹೋಗಿ ಭಟ್ಟಿಯ ಮುಂದೆ ಬೇಯಿಸುತ್ತೇನೆಂದು ರಾಗವಾಗಿ ಹೇಳಿಹೋದನೇ ಎಂದು ಕೇಳಿದರು. ಮಗಳು ಬಿಡಿಸಿ ಹೇಳಿದಳು. ತಾಯಿಯೂ ಹೇಳಿದರು. ಆದರೆ ಸಿಟ್ಟು ಒಳಗೆ ಬಂದಮೇಲೆ ವ್ಯಾಕರಣಕ್ಕೆ ಜಾಗವಿರುವುದಿಲ್ಲ. "ಓದ್ದೋನು ಹೇಳ್ತಿದಾನೆ, ನೀವು ಸುಮ್ನಿರಿ" ಎಂದು ಬೀಗದವರು ತೀರ್ಪು ಕೊಟ್ಟರು. ಅವರ ದಾಂಪತ್ಯದಲ್ಲಿ ಹೆಂಡತಿಯ ತಮ್ಮನನ್ನು ಅವರು ಓದಿದವನೆಂದು ಕರೆದದ್ದು ಅದೇ ಮೊದಲು. ಮಾವನಿಗೆ ಹಿಂದೆಗೆಯಲು ಅದೊಂದೇ ಅಡ್ಡಿಯಾಯಿತು.

ಮರುದಿನ ಮಾವ ಎಂದಿನಂತೆ ಮೀಟರ್ ಓದಲು ಹೊರಟರು. ಒಂದೊಂದು ಮನೆಯಲ್ಲೂ ಗುಂಡಿಯ ಮುಚ್ಚಳ ತೆರೆದು ಮುಚ್ಚುವಷ್ಟರಲ್ಲಿ ಪದ್ಯದ ಅರ್ಥವನ್ನೂ ತೆರೆದು ತೋರಿಸಿದರು. ಮುಚ್ಚಳ ಮುಚ್ಚಿತು, ಅರ್ಥ ಮುಚ್ಚಲಿಲ್ಲ. ಬೀದಿಯ ಆ ತುದಿಯಲ್ಲಿ ಬೇಕರಿ ಹುಡುಗ ತನ್ನನ್ನು ಆನೆ ಎಂದು ಹಾಡಿಕೊಂಡ ಎಂಬ ಸುದ್ದಿ, ಕ್ಷೌರದ ಅಂಗಡಿಯ ಹೊತ್ತಿಗೆ ಬೇಕರಿಯವರು ಆನೆ ಕೊಳ್ಳುತ್ತಿದ್ದಾರೆ ಎಂದಾಯಿತು. ದರ್ಜಿಯಮ್ಮನಲ್ಲಿಗೆ ಬರುವಾಗ ಆನೆ ಬಂದೂ ಆಗಿತ್ತು. ಈ ತುದಿಯಲ್ಲಿ, ಬೇಕರಿಯ ಬನ್ನಿನಲ್ಲಿ ಬೆಂದ ಇರುವೆ ಇದೆ, ಹುಡುಗನೇ ಹಿರಿಯರ ಮುಂದೆ ಹಾಡಿ ಒಪ್ಪಿಕೊಂಡಿದ್ದಾನೆ ಎಂದು ನಿಂತಿತು. ತಮ್ಮಲ್ಲಿ ಸುದ್ದಿ ಬೆಳೆಯಲಿಲ್ಲ, ಮುಂದಿನ ಅಂಗಡಿಯಲ್ಲಿ ಬೆಳೆಯಿತು ಎಂದು ಇಬ್ಬರೂ ನಿರೂಪಕರು ಬೇರೆಬೇರೆಯಾಗಿ ನನಗೆ ಆಣೆ ಮಾಡಿ ಹೇಳಿದ್ದಾರೆ.

ಬನ್ನುಗಳು ಮಾರಾಟವಾಗದೆ ಉಳಿದವು. ಅದರ ಮರುದಿನ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಬೇಕರಿಗೆ ಬಂದರು. ಭೂತಗನ್ನಡಿ ಹಿಡಿದು ಬನ್ನುಗಳನ್ನು ಒಂದೊಂದಾಗಿ ಮುರಿದರು. ಮುರಿದದ್ದನ್ನು ರುಚಿ ನೋಡುವುದು ನಿಯಮ ಎಂದರು. ಮಧ್ಯಾಹ್ನದವರೆಗೆ ನಿಯಮಪಾಲನೆ ನಡೆಯಿತು. ಇರುವೆ ಸಿಗಲಿಲ್ಲ, ಸಿಕ್ಕಿದ್ದರೂ ಆ ವೇಗದಲ್ಲಿ ಗೊತ್ತಾಗುತ್ತಿರಲಿಲ್ಲವೆಂದು ಕ್ಷೌರಿಕರ ಅಭಿಪ್ರಾಯ. ಕಡೆಗೆ ಅವರು ಕೈ ಒರೆಸಿಕೊಂಡು ಬೇಕರಿ ಯಜಮಾನರನ್ನು ಪಕ್ಕಕ್ಕೆ ಕರೆದರು.

"ಇರುವೆ ವಿಷಯ ಮುಗೀತು, ಅದು ನನ್ನ ಇಲಾಖೆ. ಆನೆ ನನ್ನ ಇಲಾಖೆ ಅಲ್ಲ. ಆದ್ರೂ ಕೇಳ್ತೀನಿ, ಎಲ್ಲಿ ಕಟ್ಟಿದೀರಿ?"

"ಯಾವ ಆನೆ?"

"ಹಾಗನ್ನಬೇಡಿ ಯಜಮಾನ್ರೆ. ಇಡೀ ಬೀದಿಗೆ ಗೊತ್ತಿರೋದು ನಿಮಗೆ ಗೊತ್ತಿಲ್ಲ ಅಂದ್ರೆ ಯಾರು ನಂಬ್ತಾರೆ?"

ಯಜಮಾನರು ಸುದ್ದಿಯ ಜಾಡು ಹಿಡಿದು ಹೊರಟು ಬೀಗದವರ ಮೆಟ್ಟಿಲಿನ ಬುಡಕ್ಕೆ ಬಂದು ನಿಂತರು. ಮೇಲಿನಿಂದ ಬೀಗದವರು, ಕೆಳಗಿನಿಂದ ಬೇಕರಿಯವರು. ನಡೆದ ಸಂಭಾಷಣೆಯನ್ನು ಸಂಗ್ರಹವಾಗಿ ಹೇಳಬಹುದು. ಮಗಳನ್ನು ಬೇಯಲು ಕಳಿಸುವುದಿಲ್ಲವೆಂದು ಮೇಲಿನವರು ಹೇಳಿದರು. ಬನ್ನಿನಲ್ಲಿ ಇರುವೆ ಕಂಡವರ ಮನೆಗೆ ಮಗನನ್ನು ಕಳಿಸುವುದಿಲ್ಲವೆಂದು ಕೆಳಗಿನವರು ಹೇಳಿದರು. ಭಾನುವಾರ ಯಾರೂ ಯಾರ ಮನೆಗೂ ಬರಬೇಕಾಗಿಲ್ಲ ಎಂಬ ವಿಷಯದಲ್ಲಿ ಮಾತ್ರ ಇಬ್ಬರಿಗೂ ಪೂರ್ಣ ಒಮ್ಮತವಿತ್ತು. ಅಂದು ಸಂಜೆಯೇ ಬೀಗದವರು ಮನೆಯ ಬಾಗಿಲಿಗೆ ಒಂದು ಹೊಸ ಬೀಗ ಕೂರಿಸಿದರು. ಒಳಗಿನಿಂದಲೂ ಕೀಲಿ, ಹೊರಗಿನಿಂದಲೂ ಕೀಲಿ, ಅವರದೇ ಕಲ್ಪನೆ. ಲೋಕದಲ್ಲಿ ಅಂಥ ಬೀಗ ಇನ್ನೊಂದಿಲ್ಲವೆಂದು ಅವರು ಹೇಳಿಕೊಂಡರು.

ಮಗಳು ಅಳಲಿಲ್ಲ. ಮಾವನನ್ನು ಅಡುಗೆಮನೆಗೆ ಕರೆದು ಎದುರು ನಿಂತಳು. ನಿಂತರೂ ಅವಳ ತಲೆ ಅವರ ಅಂಗಿಯ ಎರಡನೆಯ ಗುಂಡಿಯ ಮಟ್ಟಕ್ಕಿತ್ತು.

"ಮಾವ, ನಂಗೆ ಅವನೇ ಬೇಕು. ನೀವು ಹಾಳು ಮಾಡಿದ್ದು, ನೀವೇ ಸರಿ ಮಾಡಿ. ಭಾನುವಾರದೊಳಗೆ ಆಗ್ಲಿಲ್ಲ ಅಂದ್ರೆ ನಾನು ನಿಮ್ಮನ್ನ ಮಾವ ಅನ್ನಲ್ಲ."

"ಮತ್ತೇನಂತೀಯ?"

"ಮೀಟರ್ ಅಂತೀನಿ."

ಮಾವನ ಅಕ್ಕ ಒಲೆಯ ಕಡೆಯಿಂದ ತಿರುಗದೆಯೇ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಗಾದೆ ಹೇಳಿದರು. ಇಲ್ಲಿ ಮಾನ ಹೋದದ್ದೇ ಆನೆಯಿಂದ. ಅದಕ್ಕೆ ಏನು ಕೊಟ್ಟರೆ ವಾಪಸು ಬರುತ್ತದೆಂದು ಗಾದೆ ಮಾಡಿದವರು ಯೋಚಿಸಿದಂತಿಲ್ಲ.

ಮಾವನಿಗೆ ನಿಜವಾಗಿ ಗಾಬರಿಯಾಯಿತು. ಆ ಹುಡುಗಿಯನ್ನು ಅವರು ಎತ್ತಿ ಆಡಿಸಿದ್ದರು. ಆದರೆ ತಪ್ಪು ಓದಿದೆ ಎಂದು ಒಪ್ಪಿಕೊಳ್ಳುವುದು ಅವರ ವೃತ್ತಿಯಲ್ಲಿ ಇರಲಿಲ್ಲ. ಮೀಟರ್ ಕೆಟ್ಟಿದೆ ಎಂದು ಹೇಳುವುದಷ್ಟೇ ಇತ್ತು. ಆದ್ದರಿಂದ ಮೊದಲು ಅರ್ಥವನ್ನೇ ರಿಪೇರಿ ಮಾಡಲು ನೋಡಿದರು. ಇರುವೆ ಎಂದರೆ ನಿಂದೆಯಲ್ಲ ಭಾವ, ಇರುವೆ ಬಹಳ ದುಡಿಯುವ ಪ್ರಾಣಿ ಎಂದರು. ಹಾಗಾದರೆ ಬೇಯಿಸುವ ಮೊದಲು ದುಡಿಸುವುದೂ ಉಂಟೋ ಎಂದು ಬೀಗದವರು ಕೇಳಿದರು. ಆನೆ ಗಂಭೀರವಾದ ಪ್ರಾಣಿ ಎಂದರು ಮಾವ. ಆನೆ ಕಾಲಿಟ್ಟರೆ ಇರುವೆಯ ಗತಿ ಏನು ಎಂದರು ಬೀಗದವರು. ಬಂದಿರುವೆ ಎಂಬ ಮೂರನೆಯ ಇರುವೆಯನ್ನು ಮಾವ ಮುಂದೆ ಮಾಡುವಷ್ಟರಲ್ಲಿ ಬೀಗದವರು ಅರ ಕೈಗೆತ್ತಿಕೊಂಡಿದ್ದರು.

ಉಳಿದದ್ದು ಒಂದೇ ದಾರಿ: ಹಾಡಿದವನನ್ನೇ ಕೇಳುವುದು. ಮಾವ ಶನಿವಾರ ಬೇಕರಿಯ ಹಿಂಬಾಗಿಲಿಗೆ ಹೋದರು. ಹುಡುಗ ಭಟ್ಟಿಯೊಳಕ್ಕೆ ಉದ್ದ ಹಿಡಿಯ ಮರದ ಹಲಗೆ ಚಾಚಿ ಬ್ರೆಡ್ಡು ತೆಗೆಯುತ್ತಿದ್ದ. ಮುಖ ಬಾಡಿತ್ತು; ಅಷ್ಟು ದೊಡ್ಡ ಮುಖ ಬಾಡಿದರೆ ನೋಡುವವರಿಗೂ ಕಷ್ಟ.

"ಒಂದೇ ಮಾತು ಕೇಳ್ತೀನಪ್ಪ, ನಿಜ ಹೇಳು" ಎಂದರು ಮಾವ. "ಆ ಹಾಡಲ್ಲಿ ಬಾಗಿಲ ಹತ್ರ ಇರೋದು ಯಾರು?"

"ನಾನೆ."

"ಅದನ್ನೇ ನಾನೂ ಹೇಳಿದ್ದು. ಆನೆ. ಸರಿ, ಕಾದಿರುವೆ ಯಾರು?"

"ಅದೂ ನಾನೆ."

ಮಾವ ಗೋಡೆ ಹಿಡಿದುಕೊಂಡರು. "ಬೆಂದಿರುವೆ?"

"ನಾನೆ. ಬಂದಿರುವೇನೂ ನಾನೆ. ಮತ್ತ್ಯಾರು ಇರ್ತಾರೆ, ಮಾವ? ಹಾಡಲ್ಲಿ ಇರೋದೇ ಒಬ್ಬ."

ಇಷ್ಟು ಹೇಳಿದರೆ ಎಂಥವನಿಗೂ ತಿಳಿಯಬೇಕು. ಮಾವನಿಗೆ ತಿಳಿದದ್ದು ಅದಕ್ಕಿಂತ ಬಹಳ ದೊಡ್ಡದು. ಆನೆಯೂ ತಾನೇ, ಇರುವೆಯೂ ತಾನೇ. ಹಿರಿದೂ ಕಿರಿದೂ ಬೇರೆಯಲ್ಲ. ಬೇಕರಿಯ ಹಿಂಬಾಗಿಲಲ್ಲಿ ಅವರಿಗೆ ಅದ್ವೈತದ ಸಾಕ್ಷಾತ್ಕಾರವಾಯಿತು. ಹುಡುಗನ ಹಿಟ್ಟಿನ ಕೈಯನ್ನು ಎರಡೂ ಕಣ್ಣಿಗೊತ್ತಿಕೊಂಡು, ಹುಬ್ಬೆಲ್ಲ ಬೆಳ್ಳಗಾಗಿ, ಬೀದಿಯುದ್ದ ಓಡಿ ಅಕ್ಕನ ಮನೆಯ ಮೆಟ್ಟಿಲೇರಿದರು. ಹುಡುಗ ನಿಮ್ಮ ಮಗಳನ್ನು ಏನೂ ಅಂದಿಲ್ಲ ಭಾವ, ಆನೆ, ಇರುವೆ ಎಲ್ಲವೂ ತಾನೇ ಎಂದು ಬಾಯಿಬಿಟ್ಟು ಹೇಳಿದ ಎಂದರು.

ಬೀಗದವರ ಮುಖದಲ್ಲಿದ್ದ ಸಿಟ್ಟು ಮೆಲ್ಲಗೆ ಕರಗಿ ಕನಿಕರವಾಯಿತು.

"ಪಾಪ" ಎಂದರು. "ತಲೆ ಸರಿ ಇಲ್ಲ ಅಂತ ಮೊದಲೇ ಹೇಳಬಾರದಿತ್ತಾ?"

ಹೀಗೆ ಅವಮಾನದ ಮೇಲೆ ಮುರಿದಿದ್ದ ಸಂಬಂಧ, ಮಾವನ ಶ್ರಮದಿಂದ, ಹುಚ್ಚಿನ ಮೇಲೆ ಮತ್ತೊಮ್ಮೆ ಮುರಿಯಿತು.

ಭಾನುವಾರ ಊಟವಾದ ಮೇಲೆ ಮಗಳು ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ಮಾವ ಮೂಲೆಯ ಸ್ಟೂಲಿನ ಮೇಲಿದ್ದರು; ಬೆಳಗಿನಿಂದ ಅವರನ್ನು ಎರಡು ಸಲ ಮೀಟರ್ ಎಂದು ಕರೆಯಲಾಗಿತ್ತು. ಆಗ ಬಾಗಿಲು ತಟ್ಟಿದ ಸದ್ದಾಯಿತು.

"ಯಾರದು?" ಎಂದರು ಬೀಗದವರು.

ಹೊರಗೆ ಏದುಸಿರು ಕೇಳಿತು. ಆಮೇಲೆ ಮಾತು: "ನಾನೆ."

"ಆನೆ ಬಂತು" ಎಂದರು ಅಜ್ಜಿ.

ಬೀಗದವರು ಏಳಲಿಲ್ಲ. "ಅಲ್ಲೇನು ಮಾಡ್ತಿದೀಯ?"

"ಕಾಯ್ತಾ ಇದೀನಿ."

"ಎಷ್ಟು ಹೊತ್ತಿಂದ?"

"ಆಗಿಂದ. ತಟ್ಟೋಕೆ ಧೈರ್ಯ ಆಗ್ಲಿಲ್ಲ. ಇಲ್ಲಿ ಮೆಟ್ಟಿಲ ಮೇಲೆ ನೆರಳಿಲ್ಲ, ಬಿಸಿಲಲ್ಲಿ ಬೆಂದುಹೋದೆ."

"ಹೋಗ್ಬೇಕಿತ್ತು. ಯಾರು ಬರಹೇಳಿದ್ರು ನಿನ್ನ?"

"ಯಾರೂ ಇಲ್ಲ. ಅಪ್ಪ ಬೇಡ ಅಂದ್ರು, ನೀವೂ ಬೇಡ ಅಂದ್ರಿ. ಅವಳಿಗೋಸ್ಕರ ಬಂದಿದೀನಿ."

ಒಳಗೆ ಮೊದಲು ತಲೆಯೆತ್ತಿದವರು ಅಜ್ಜಿ.

"ಅಯ್ಯೋ, ಇದು ಆವತ್ತಿನ ಹಾಡೇ ಅಲ್ವೇನೋ. ಬಾಗಿಲ ಹತ್ರ ನಾನೆ, ಕಾದಿದೀನಿ, ಬೆಂದಿದೀನಿ, ನಿನಗೋಸ್ಕರ ಬಂದಿದೀನಿ. ಇಷ್ಟೇನಾ ಅದು?"

"ಇಷ್ಟೇ ಅಜ್ಜಿ" ಎಂದಳು ಮಗಳು.

ಬೀಗದವರು ನಿಧಾನವಾಗಿ ಮೂಲೆಯ ಸ್ಟೂಲಿನ ಕಡೆ ತಿರುಗಿದರು. ಮಾವ ಕನ್ನಡಕ ತೆಗೆದು ಒರೆಸುತ್ತಿದ್ದರು. ಬಹಳ ಹೊತ್ತು ಒರೆಸಿದರು. ಬೀಗದವರು ಮತ್ತೇನೂ ಹೇಳದೆ ಎದ್ದು, ಹೊಸ ಬೀಗಕ್ಕೆ ಕೀಲಿ ಹಾಕಿ ತಿರುಗಿಸಿದರು. ಕೀಲಿ ತಿರುಗಿತು. ಬೀಗ ತೆರೆಯಲಿಲ್ಲ. ಇನ್ನೊಮ್ಮೆ ತಿರುಗಿಸಿದರು. ಕೀಲಿ ಗಾಳಿಯಲ್ಲಿ ತಿರುಗಿದಂತೆ ಸಲೀಸಾಗಿ ತಿರುಗುತ್ತಲೇ ಹೋಯಿತು. ಲೋಕದಲ್ಲಿ ಅಂಥ ಬೀಗ ಇನ್ನೊಂದು ಏಕಿಲ್ಲವೆಂದು ಆಗ ಎಲ್ಲರಿಗೂ ತಿಳಿಯಿತು. ಹತ್ಯಾರಗಳೆಲ್ಲ ಕೆಳಗಿನ ಅಂಗಡಿಯಲ್ಲಿದ್ದವು. ಅಂಗಡಿಗೆ ಹೋಗಬೇಕಾದರೆ ಈ ಬಾಗಿಲನ್ನೇ ದಾಟಬೇಕಿತ್ತು.

ಅಷ್ಟರಲ್ಲಿ ಬೀದಿ ಸೇರಿತ್ತು. ಹುಡುಗನನ್ನು ಹುಡುಕಿಕೊಂಡು ಬಂದ ಬೇಕರಿ ಯಜಮಾನರು ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಅವರ ಹಿಂದೆ ಅರ್ಧ ಗಡ್ಡದ ಗಿರಾಕಿಯೊಡನೆ ಕ್ಷೌರಿಕರು, ಟೇಪು ಕೊರಳಲ್ಲಿದ್ದ ದರ್ಜಿಯಮ್ಮ. ಬೀಗದವರೇ ತಮ್ಮ ಬೀಗದೊಳಗೆ ಸಿಕ್ಕಿಬಿದ್ದಿದ್ದಾರೆಂದು ತಿಳಿದಾಗ ಬೇಕರಿ ಯಜಮಾನರಿಗೆ ನಗು ತಡೆಯಲಾಗಲಿಲ್ಲ. ನಕ್ಕಮೇಲೆ ಸಿಟ್ಟನ್ನು ಹಿಂದಕ್ಕೆ ತರುವುದು ಕಷ್ಟ. ಅವರು ಆ ಪ್ರಯತ್ನ ಮಾಡಲಿಲ್ಲ.

ಒಳಗೆ ಬೀಗದವರು ಬಾಗಿಲಿಗೆ ಬಾಯಿ ತಂದು, ಬೀದಿಗೆ ಕೇಳಿಸದಿರಲೆಂದು ಮೆಲ್ಲನೆ ಹೇಳಿದರು: "ಅಪ್ಪಾ, ಸ್ವಲ್ಪ ತಳ್ಳು."

"ಎಷ್ಟು ತಳ್ಳಲಿ?"

"ನಿನ್ನ ಕೈಲಾದಷ್ಟು."

ಆ ಹುಡುಗನ ಕೈಲಾಗುವುದು ಎಷ್ಟೆಂದು ಬೀಗದವರು ಅಂದಾಜು ಮಾಡಿರಲಿಲ್ಲ. ಬೀಗ ತೆರೆಯಲೇ ಇಲ್ಲ. ಬಾಗಿಲು, ಚೌಕಟ್ಟು, ಅದರ ಸುತ್ತಲಿನ ಗಾರೆ, ಹುಡುಗ, ಇಷ್ಟೂ ಒಟ್ಟಾಗಿ ಒಳಗೆ ಬಂದವು. ಧೂಳು ಇಳಿದಾಗ ಅವನು ಬಾಗಿಲಿನ ಮೇಲೆ ಬೋರಲು ಮಲಗಿದ್ದ. ಒಂದು ಕೈ ಮಾತ್ರ ಮೇಲೆತ್ತಿ, ಅವಳಿಗೆಂದು ತಂದಿದ್ದ ಬನ್ನಿನ ಪೊಟ್ಟಣವನ್ನು ಜಜ್ಜದಂತೆ ಹಿಡಿದಿದ್ದ. ಬೀಗ ಚೌಕಟ್ಟಿನೊಳಗೆ ಭದ್ರವಾಗಿಯೇ ಇತ್ತು. ಅದನ್ನು ಬೀಗದವರು ಒಂದಿಷ್ಟು ಹೆಮ್ಮೆಯಿಂದಲೇ ನೋಡಿದರಂತೆ.

ಬೇಕರಿ ಯಜಮಾನರು ಮೇಲೆ ಬಂದರು. ಬೀಗದವರು ಅವರಿಗೆ ಕುರ್ಚಿ ಕೊಟ್ಟರು. ಮಾತು ಹೇಗೆ ಆರಂಭಿಸುವುದೆಂದು ಇಬ್ಬರಿಗೂ ತೋಚದೆ, ಕಡೆಗೆ ಬೀಗದವರು ಮಗಳ ಕಡೆ ತಿರುಗಿ, ಬಾಗಿಲಂತೂ ಹೋಯಿತು, ಇನ್ನು ಹೇಳು, ನಿನ್ನ ಮಾತೇನು ಎಂದು ಕೇಳಿದರು.

ಮಗಳು ಬಾಗಿಲಿನ ಮೇಲೆ ಕೂತಿದ್ದ ಹುಡುಗನನ್ನು ನೋಡಿದಳು. ಅವನ ತಲೆಗೂದಲಿನ ಗಾರೆಯನ್ನು ಕೊಡವಿದಳು. ಆಮೇಲೆ ಮೂಲೆಯ ಸ್ಟೂಲಿನ ಕಡೆಗೊಮ್ಮೆ ನೋಡಿ, ಮನೆಯಲ್ಲಿ ಎಂದೂ ಆಡದ ಪುಸ್ತಕದ ಭಾಷೆಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು:

"ಒಪ್ಪಿರುವೆ."

ಮಾವ ತಟಕ್ಕನೆ ಎದ್ದು ನಿಂತರು. ಅವರ ಕಣ್ಣಲ್ಲಿ ಬೆಳಕು ಬಂತು, ಬಾಯಿ ತೆರೆಯಿತು. ಅದರಿಂದ ಯಾವ ಇರುವೆಯೂ ಹೊರಡುವ ಮೊದಲೇ ಅಜ್ಜಿ ಪೊಟ್ಟಣದಿಂದ ಒಂದು ಬನ್ನು ತೆಗೆದು, ಇಡಿಯಾಗಿ, ಅದರೊಳಗೆ ತುರುಕಿದರು.